ಟ ಹೋಟ್ಲು

ಶಿಡ್ಲಘಟ್ಟದ ಗೂಡಿನ ಮಾರ್ಕೆಟ್ಟಿನ ಹಿಂದೆ, ಸಂದಿಯೊಳಗೆ
ಬೋರ್ಡಿತ್ತು: ಊಟ ತಯಾರಿದೆ.
ಊ ಉದುರಿ ಹತ್ತೊಂಬತ್ತು ವರ್ಷ.
ಅವತ್ತಿಂದ ಊರಿಗೆಲ್ಲ ಅದು ಟ ಹೋಟ್ಲು.
ಟ-ದಲ್ಲಿ ಸಿಗ್ತೀನಿ ಅಂತಾರೆ ಬ್ರೋಕರುಗಳು,
ಟ-ದಲ್ಲಿ ಬರೆಸು ಅಂತಾರೆ ಸಾಲ ಹೇಳುವವರು.

ಪಿಳ್ಳಕ್ಕ ನನ್ನ ಕರೆಸಿದಳು.
'ಒಂದಕ್ಷರಕ್ಕೇನು ರೇಟು?' ಎಂದಳು
ಕವೆಗೋಲಿಗೆ ಕಾಲು ಕೊಟ್ಟು ಹಿಟ್ಟು ತೊಳಸುತ್ತ.

ಏಣಿ ಹತ್ತಿದೆ. ಕೆಳಗೆ ಹುರುಳಿ ಬಸ್ಸಾರಿನ ಹಬೆ,
ಬೀದಿಯಿಂದ ಬೇಯುವ ಗೂಡಿನ ನಾತ,
ಎರಡೂ ಜಗಳವಿಲ್ಲದೆ ಮೂಗಲ್ಲಿ ಕೂತವು.
ಊ ಸುಲಭವಲ್ಲ ಸ್ವಾಮಿ,
ಹೊಟ್ಟೆ ತಿದ್ದಬೇಕು, ಬಾಲ ಸುತ್ತಿ ನಿಲ್ಲಿಸಬೇಕು.
ಮಾಸಿದ ಟ ಪಕ್ಕ
ಹೊಸ ಅಳಿಯನ ಹಾಗೆ ನಿಂತಿತು, ಮಿರಿಮಿರಿ ನೀಲಿ.

ಹರಾಜು ಮುಗಿಸಿ ಚಾಂದ್ ಪಾಷ ಬಂದ.
ರೀಲರು. ಬಿಸಿನೀರಲ್ಲಿ ಬೆಂದು ಬೆಳ್ಳಗಾದ ಬೆರಳು.
ದಿನಾ ತಲೆ ತಗ್ಗಿಸಿ ನುಗ್ಗುವವನು
ಅವತ್ತು ತಲೆ ಎತ್ತಿ ಓದಿದ,
ಚಪ್ಪಲಿ ಬಿಡದೆ ಕೇಳಿದ:
'ಹೋಟ್ಲು ಮಾರಿಬಿಟ್ರಾ?'

ಹಿಟ್ಟಿನ ಕೈಯಲ್ಲೇ ಹೊರಬಂದಳು ಪಿಳ್ಳಕ್ಕ.
ಅವನನ್ನ ನೋಡಿದಳು, ಬೋರ್ಡನ್ನ, ನನ್ನನ್ನ.
'ಒರಸಪ್ಪ.'

ಸೀಮೆಎಣ್ಣೆ ಬಟ್ಟೆಗೂ ಪೂರ್ತಿ ಹೋಗಲಿಲ್ಲ.
ಟ ಮುಂದೆ ಒಂದಿಷ್ಟು ನೀಲಿ ಮಬ್ಬು,
ಯಾರೋ ಈಗಷ್ಟೇ ಎದ್ದುಹೋದ ಜಾಗದ ಹಾಗೆ.

ಕೂಲಿ ಕೇಳೋಕೆ ಬಾಯಿ ಬರಲಿಲ್ಲ.
ತಟ್ಟೆಗೆ ಎರಡು ಮುದ್ದೆ ಇಟ್ಟಳು,
ಹೆಬ್ಬೆರಳಲ್ಲಿ ಗುಳಿ ಒತ್ತಿ ತುಪ್ಪ ಬಿಟ್ಟಳು:
'ಇದು ಬರೆದಿದ್ದಕ್ಕೆ. ಇದು ಒರಸಿದ್ದಕ್ಕೆ.'

ಎದುರಿಗೆ ಕೂತ ಪಾಷ, ಏನೂ ಅನ್ನದೆ,
ಉಪ್ಪಿನ ಬಟ್ಟಲು ನನ್ನ ಕಡೆ ಸರಿಸಿದ.