ಮೊದಲು ನೀರನ್ನು ಕೇಳು

ದೋಣಿ ನಮ್ಮಿಬ್ಬರನ್ನು ದಡಕ್ಕೆ ಹಾಕಿ ಹೋಯಿತು.
ಇನ್ನು ಐದು ದಿನ ಹೋರ್ನ್‌ಸ್ಟ್ರಂಡಿರ್‌ನಲ್ಲಿ
ಮರವಿಲ್ಲ, ಅಂಗಡಿಯಿಲ್ಲ, ಕತ್ತಲೆಯೂ ಇಲ್ಲ.
ಜುಲೈ ತಿಂಗಳು. ಸೂರ್ಯ ಕಡಲಿಗೆ ಕಾಲದ್ದಿ
ಚಳಿಯೆಂದು ಮತ್ತೆ ಎದ್ದುಬಿಡುವ ಕಾಲ.

ಸ್ಟೈನ್ವೋರ್ ಅತ್ತೆಯ ಬೆನ್ನಿಗೆ ಹದಿನೆಂಟು ಕಿಲೋ,
ನನ್ನ ಬೆನ್ನಿಗೆ ಹನ್ನೊಂದು,
ಮೇಲೆ ಹದಿನಾಲ್ಕು ವರ್ಷದ ಪೊಗರು.

ಮೊದಲ ರಾತ್ರಿಯ ಅಡುಗೆ ನನ್ನದು ಅಂದೆ.
ಅಂಗೈಯಗಲದ ಗ್ಯಾಸ್ ಡಬ್ಬಿ,
ಅದರ ನೆತ್ತಿಗೆ ತಿರುಪಿದ ಪುಟಾಣಿ ಒಲೆ,
ಅದರ ಮೇಲೆ ಎರಡು ಲೀಟರಿನ ಪಾತ್ರೆ, ಕಂಠಮಟ್ಟ.
ಕೊಕ್ಕರೆಯ ಕಾಲಿಗೆ ಎಮ್ಮೆಯ ಮೈ.
ಕೆಳಗೆ ಪಾಚಿ, ಹಾಸಿಗೆಯಷ್ಟು ಮೆತ್ತಗೆ.
ಕುದಿ ಬಂತು. ಚಮಚ ಇಳಿಸಿ ಒಂದು ಸುತ್ತು,
ಒಂದೇ ಸುತ್ತು ತಿರುಗಿಸಿದೆ.

ಮೀನು, ಆಲೂಗಡ್ಡೆ, ಹಾಲಿನ ಪುಡಿ,
ಎಲ್ಲ ಪಾಚಿಯ ಪಾಲು.

ಅತ್ತೆ ಬೈಯಲಿಲ್ಲ. ಮೊದಲು ಉರಿ ಆರಿಸಿದಳು.
ಬೂಟು ಬಿಚ್ಚಿಸಿ ನನ್ನ ಕಾಲು ನೋಡಿದಳು.
ಆಮೇಲೆ ಮಂಡಿಯೂರಿ, ಆಲೂಗಡ್ಡೆ ಒಂದೊಂದೇ ಹೆಕ್ಕಿ
ತೊರೆಯಲ್ಲಿ ತೊಳೆದು ತಂದಳು.
ಹಲ್ಲಿಗೆ ಸಿಕ್ಕ ಹಸಿರನ್ನು
'ಸೊಪ್ಪು ಅಂದುಕೋ ಬಾರ್ದಿ' ಅಂದಳು.
ಮಿಕ್ಕಿದ್ದು ನರಿಗೆ ರುಚಿ ಹತ್ತಬಾರದೆಂದು
ಗೋರಿ ಚೀಲಕ್ಕೆ ತುಂಬಿ ಗಂಟು ಹಾಕಿದಳು.
ಆ ಚೀಲ ಐದು ದಿನವೂ ನನ್ನ ಬೆನ್ನ ಮೇಲೆ,
ದಿನಕ್ಕಿಷ್ಟು ವಾಸನೆ ಏರಿಸಿಕೊಳ್ಳುತ್ತ.

ಎರಡನೆಯ ರಾತ್ರಿ ಕಡಲಂಚು.
ಸೈಬೀರಿಯಾದಿಂದ ತೇಲಿಬಂದ ಒಂದು ಹಲಗೆ,
ಉಪ್ಪು ತಿಂದು ಬೆಳ್ಳಗಾದದ್ದು.
ಪಾತ್ರೆಯ ಮುಚ್ಚಳ ಅಂಗಾತ ಇಟ್ಟು
ಅದರಲ್ಲಿ ಒಂದು ಬೆರಳು ನೀರು ಸುರಿದಳು.
'ನೆಲ ಸುಳ್ಳು ಹೇಳುತ್ತದೆ, ಕಣ್ಣು ಅದಕ್ಕೆ ಹೂಂಗುಟ್ಟುತ್ತದೆ.
ಮೊದಲು ನೀರನ್ನು ಕೇಳು.'

ನೀರು ಎಡಕ್ಕೆ ಸರಿಯಿತು.
ಹಲಗೆಯ ಎಡಕ್ಕೊಂದು ಬೆಣಚುಕಲ್ಲು ತುರುಕಿದೆ.
ನೀರು ಬಲಕ್ಕೆ ಓಡಿತು. ಕಲ್ಲು ತೆಗೆದು ಚಿಪ್ಪು ಇಟ್ಟೆ.
ಎಷ್ಟು ಸಲವೋ. ಹಸಿವು ಲೆಕ್ಕ ಇಡುವುದಿಲ್ಲ.
ಕೊನೆಗೆ ಡಬ್ಬಿಯ ಬುಡಕ್ಕೆ
ಕಿತ್ತಳೆ ಬಣ್ಣದ ಪ್ಲಾಸ್ಟಿಕ್ಕಿನ ಮೂರು ಕಾಲು ಟಕ್ಕೆಂದು ಕೂತವು.
ಪಾತ್ರೆ ಈ ಸಲ ಅರ್ಧವೇ.
ತಗಡಿನ ಮರೆ ಸುತ್ತ ಮುಚ್ಚಹೋದ ನನ್ನ ಕೈ ತಡೆದು,
'ಡಬ್ಬಿಗೂ ಉಸಿರು ಬೇಕು.
ತೀರಾ ಬಿಸಿಯಾದರೆ ನಿನ್ನ ಹಾಗೇ ಸಿಡಿಯುತ್ತದೆ' ಅಂದು
ತಾನೇ ಗಾಳಿಗೆ ಬೆನ್ನು ಕೊಟ್ಟು ಕೂತಳು.

ಬಲಗೈಯಲ್ಲಿ ಚಮಚ, ಎಡಗೈಯಲ್ಲಿ ಹಿಡಿ.
ಆ ಕೈಯ ಎರಡು ಬೆರಳು
ಮೀನು ಕಾರ್ಖಾನೆಯ ಗರಗಸ ತಿಂದದ್ದು, ನಾನು ಹುಟ್ಟುವ ಮೊದಲೇ.
ಉಳಿದ ಮೂರು ಹಿಡಿದ ಪಾತ್ರೆ
ಮಿಸುಕಲಿಲ್ಲ.

ನಾಲ್ಕನೆಯ ರಾತ್ರಿ, ಹೋರ್ನ್‌ವೀಕ್.
ಗಾಳಿ ಗುಡಾರವನ್ನು ಒದೆಯುತ್ತಿತ್ತು.
ಕಿತ್ತಳೆ ಕಾಲುಗಳು ಚೀಲದಲ್ಲಿಲ್ಲ.
ಬೆಳಿಗ್ಗೆ ತೊರೆಯ ಬದಿಗೆ ಒಣಗಲಿಟ್ಟವನು ನಾನು.
ಇಲ್ಲವೆಂದು ಗೊತ್ತಿದ್ದೂ ಮೂರು ಸಲ ತಡಕಿದೆ,
ಅವಳಿಗೆ ಕಾಣಲೆಂದು.

ಅವಳು ಕೇಳಲೇ ಇಲ್ಲ.
ಮೂರು ಕಲ್ಲು ಹುಡುಕಿ ತಂದು
ಡಬ್ಬಿಯ ಬುಡಕ್ಕೆ ಒತ್ತಿ ಕೂರಿಸಿದಳು, ಅಷ್ಟೆ.
ಚಮಚ ನನ್ನ ಕೈಗೆ ಕೊಟ್ಟಳು.
ಹಿಡಿಯನ್ನೂ.

ಚಳಿಗೆ ಗ್ಯಾಸು ಮರಗಟ್ಟಿ ಉರಿ ನೀಲಿ ಚುಕ್ಕಿ.
ಸಾರು ಕಾಯಲು ನಲವತ್ತು ನಿಮಿಷ.
ಅಷ್ಟು ಹೊತ್ತೂ ನಾನು ಕೆಮ್ಮಲಿಲ್ಲ.

ನಡುರಾತ್ರಿಯ ಬೆಳಕಲ್ಲಿ ಎಚ್ಚರಾಗಿ ನೋಡಿದೆ:
ಒಲೆ ಬಿಚ್ಚಿ ಬದಿಗಿಟ್ಟು
ಡಬ್ಬಿಯನ್ನು ಮಲಗುಚೀಲದೊಳಗೆ ಹೊಟ್ಟೆಗವಚಿಕೊಂಡು
ಮೊಟ್ಟೆಗೆ ಕೂತ ಕಡಲಬಾತಿನಂತೆ
ಗೊರಕೆ ಹೊಡೆಯುತ್ತಿದ್ದಳು.

ಬೆಳಿಗ್ಗೆ ಅವಳು ಏಳುವ ಮೊದಲೇ
ಮುಚ್ಚಳ ಇಟ್ಟು, ನೀರು ಸುರಿದು, ಕಾದೆ.
ಎಲ್ಲಿಂದಲೋ ಒಂದು ನೊಣ ಬಿದ್ದು
ನಟ್ಟನಡುವೆ ತೇಲಿತು,
ಆ ಕಡೆಗೂ ಇಲ್ಲ, ಈ ಕಡೆಗೂ ಇಲ್ಲ.

ಅತ್ತೆ ಗುಡಾರದಿಂದ ತಲೆ ಹಾಕಿ ನೋಡಿದಳು.
'ಕಾಫಿ' ಅಂದಳು.