ಹೆಜ್ಜಿ ಎಣಿಸೋ ಪಟ್ಟಿ

ಬಲಗೈ ಮಣಿಕಟ್ಟಿಗೆ ಒಂದು ಕರೀ ಪಟ್ಟಿ ಕಟ್ಟಿದ್ಲು
ತೊರವಿ ಕಡಿಂದ ಬಂದ ಹುಡುಗಿ, ತಸ್ಲೀಮಾ ಇನಾಮದಾರ.
ಏಳು ದಿನ ಬಿಚ್ಚಬ್ಯಾಡ್ರಿ ಅಕ್ಕಾ, ನೀರು ಬಿದ್ರೂ ನಡೀತದ.
ಹಿಟ್ಟು ಬಿದ್ರ? ಅಂದೆ.
ಚಣ ತಡದು, ಅದನ್ನೂ ಬರಕೊಂಡ್ಲು.

ಶುಗರ್ ಇದ್ದೋರಿಗೆ ಜೋಳ ಛಲೋ ಅಂತ
ವಿಜಯಪುರದ ಡಾಕ್ಟರರೆಲ್ಲ ಹೇಳಾಕ ಹತ್ತಿದ ಮ್ಯಾಲೆ
ನಮ್ಮ ತಗಡಿನ ಖೋಲಿಗೆ ಪುರುಸೊತ್ತಿಲ್ಲ.
ತಿನ್ನೋರ ರಕ್ತ ನೋಡಿದ ಸಂಶೋಧನಿ ರಗಡ ಅವ ಅಕ್ಕಾ,
ಬಡಿಯೋರ ಕೈ ನೋಡಿದ್ದು ಕಡಿಮಿ,
ಅಂದ್ಲು ತಸ್ಲೀಮಾ, ನನ್ನ ಹೆಬ್ಬಟ್ಟಿನ ಬುಡ ಒತ್ತಿ ನೋಡಕೋತ.
ಒತ್ತಿದಲ್ಲೇ ನೋವು.

ಆರು ಒಲಿ, ಆರು ಹಂಚು.
ಹುಸೇನಬಿ, ಬೋರಮ್ಮ, ನಾನು, ಮತ್ತ ಮೂರು ಮಂದಿ.
ಕುದಿಯೋ ಎಸರು ಹೊಯ್ದು, ಕೊಣಮಿಗಿಯೊಳಗ ನಾದಿ ನಾದಿ
ಬಡೀಲಿಕ್ಕೆ ಕುಂತ್ರ ಮಧ್ಯಾಹ್ನದ ಮಟ ಮುನ್ನೂರು.
ಒಂದಕ್ಕ ಇಷ್ಟು ಅಂತ ಪಗಾರ.
ಹರದದ್ದು ಲೆಕ್ಕಕ್ಕಿಲ್ಲ.

ಎಂಟನೇ ದಿನ ಪಟ್ಟಿ ಬಿಚ್ಚಿ, ಮೊಬೈಲ್ ನೋಡಿ
ಹುಬ್ಬು ಗಂಟು ಹಾಕಿದ್ಲು.
ಮಂಗಳವಾರ ಎಲ್ಲಿ ಹೋಗಿದ್ರಿ ಅಕ್ಕಾ?
ಎಲ್ಲಿಗವ್ವ? ಐದಕ್ಕ ಕುಂತಾಕಿ ಎರಡಕ್ಕ ಎದ್ದೀನಿ.
ಇಪ್ಪತ್ತೊಂದು ಸಾವಿರ ಹೆಜ್ಜಿ ತೋರಸ್ತದ.

ಹಂಚಿನ ಮ್ಯಾಲಿನ ರೊಟ್ಟಿ ಕರ್ರಗಾತು, ಯಾರೂ ತಿರುವಿ ಹಾಕಲಿಲ್ಲ.
ಬೋರಮ್ಮನೇ ಮೊದಲು ನಕ್ಕಾಕಿ.
ಕೈ ಬಡದದ್ದನ್ನ ಕಾಲು ನಡದದ್ದು ಅಂತ
ಎಣಿಸಿಕೋತ ಕುಂತಿತ್ತು ಆ ಬುದ್ಧಿಗೇಡಿ ಪಟ್ಟಿ.
ಹುಸೇನಬಿ ಬೆರಳು ಮಡಚಿ ಲೆಕ್ಕ ಹಾಕಿದ್ಲು:
ಏಳು ದಿನಕ್ಕ ಸೊಲ್ಲಾಪುರ ಮುಟ್ಟೀದಿ ಬಿಡು,
ಚಪ್ಪಲಿ ಸವೀಲಿಲ್ಲ, ಬಸ್ಸಿನ ರೊಕ್ಕ ಉಳೀತು,
ಗಂಡಗೂ ಗೊತ್ತಾಗಲಿಲ್ಲ.

ನಾನೂ ನಕ್ಕೆ. ನಗುವಾಗ ನಮ್ಮವ್ವ ನೆನಪಾದ್ಲು.
ಔಡಲ ಎಲಿ ಬೆಚ್ಚಗ ಮಾಡಿ ಮಣಿಕಟ್ಟಿಗೆ ಕಟಗೊಂಡು ಮಲಗಾಕಿ.
ಆಕಿ ಯಾವ ಊರು ಮುಟ್ಟಿದ್ದಾಳೋ.

ಹಿಟ್ಟಿನ ಹದ ಹೆಂಗ ಗೊತ್ತಾಗ್ತದ?
ಇದು ಹದಿನೇಳನೇ ಪ್ರಶ್ನಿ.
ಸಪ್ಪಳಕ್ಕ, ಅಂದೆ.
ಜಿಗಿ ಇದ್ದದ್ದು ಪಟ ಪಟ ಅಂತದ,
ಮುಗ್ಗಿದ್ದು ಥಪ್ ಅಂತದ, ಹಸಿ ಗ್ವಾಡಿಗಿ ಬಡದಂಗ.
ಫಾರ್ಮಿನೊಳಗ ಸಪ್ಪಳಕ್ಕ ಖಾನಿ ಇದ್ದಿದ್ದಿಲ್ಲ.
ಅಂಚಿನ್ಯಾಗ ಪೆನ್ಸಿಲ್ಲಿಲೆ ಬರದ್ಲು.
ಬರದ್ರ ತಿಳಿಯಂಗಿಲ್ಲ, ಕುಂಡ್ರು, ಅಂದೆ.
ಕುಂತ್ಲು. ಪಟ್ಟಿ ತನ್ನ ಕೈಗೆ ಕಟಗೊಂಡ್ಲು.
ನಲವತ್ತು ಹೆಜ್ಜಿ ನಡದಿದ್ಲೋ ಇಲ್ಲೋ,
ದಾರಿ ನಡುವ ಹರೀತು.

ಸಂಕ್ರಾಂತಿ ಮುಂದ ವರದಿ ತಂದು ಓದಿ ಹೇಳಿದ್ಲು.
ಅದರೊಳಗ ನನ್ನ ಹೆಸರು ಸ-೪. ವಯಸ್ಸು ನಲವತ್ತಾರು. ಬಲಗೈ.
ಹಲಗಿ ಒಂದು ಗೇಣು ಎತ್ತರ ಆಗಬೇಕು,
ತಾಸಿಗೊಮ್ಮೆ ಹತ್ತು ನಿಮಿಷ ಕೈಗೆ ಬಿಡುವು ಬೇಕು.
ಸಾವಕಾರ ಅಡಿವೆಪ್ಪ ತಲಿ ಆಡಿಸಿಕೋತ ಕೇಳಿದ,
ಆಳಿಗೆ ಎರಡು ಇಟ್ಟಂಗಿ ಕೊಟ್ಟ.
ಹತ್ತು ನಿಮಿಷ ಕೊಡಲಿಲ್ಲ.

ಇಟ್ಟಂಗಿ ಖರೇನೇ ಛಲೋ ಆಗ್ಯಾವ.
ಈಗ ರಾತ್ರಿ ತುರುಬು ನಾನೇ ಬಿಚ್ಚಿಕೋತೀನಿ.

ಇನ್ನ ಆ ಹತ್ತು ನಿಮಿಷ.
ಯಾರದೇ ಮಣಿಕಟ್ಟು ಜುಂ ಅಂದ್ರೂ ಸಾಕು,
ಹುಸೇನಬಿ ಒದರತಾಳ: ಹಿಟ್ಟು ಮುಗ್ಗೇದ!
ಆರೂ ಮಂದಿ ಹಲಗಿ ಬಿಟ್ಟು ಚೀಲದ ಸುತ್ತ ನಿಂದರತೀವಿ,
ಚಿಮಟಿ ಹಿಟ್ಟು ಮೂಗಿಗೆ ಹಿಡೀತೀವಿ,
ನಾಲಿಗಿ ಮ್ಯಾಲೆ ಇಟಗೋತೀವಿ, ಒಬ್ಬರ ಮಾರಿ ಒಬ್ಬರು ನೋಡತೀವಿ.
ಅಡಿವೆಪ್ಪ ಬಾಗಿಲಿಗೆ ಬಂದು, ಏನಾತ್ರವಾ? ಅಂತಾನ.
ತಡೀರಿ, ಇನ್ನೂ ತಿಳೀವಲ್ದು, ಅಂತಾಳ ಬೋರಮ್ಮ,
ಹೊರ್ತಿ ದಾಟಿ, ಝಳಕಿ ಇನ್ನೂ ದೂರ ಇದ್ದಾಗ
ಬೇವಿನ ನೆಳ್ಳಿಗೆ ನಿಂತು ಸೆರಗಿಲೆ ಮಾರಿ ಒರಸಿಕೊಂಡಂಗ
ಒರಸಿಕೋತ.