ಲೈನ್ ಬರೂ ಮೊದಲ

ಪಿಂಪ್ರಿಯಿಂದ ಭೋಸರಿಗೆ, ರಿಕ್ಷಾದಾಗ,
ನನ್ನ ತೊಡಿ ಮ್ಯಾಲೆ ನಿನ್ನ ಎಡಗಾಲು.
ಬಿಳಿ ಪಟ್ಟಿ ಸುತ್ತಿದ್ದು, ಒಳಗ ಎರಡು ತಂತಿ.
ನೀ ಅದನ್ನ ಬಡದ ಬಡದ ನಗತಿದ್ದಿ:
"ಅಪ್ಪಾ, ಇದು ನಂದಲ್ಲ.
ನನ್ನ ಕಾಲು ದವಾಖಾನ್ಯಾಗ ಉಳದೈತಿ."

ಹುಟ್ಟಿದಾಗಿಂದ ಒಳಗ ಹೊಳ್ಳಿದ ಪಾದ.
ಏಳು ವರ್ಷ ನಿನ್ನ ಚಪ್ಪಲಿ ಒಂದ ಮಗ್ಗಲಾ ಸವದಿತ್ತು.

ಅರಿವಳಿಕಿ ಕೊಟ್ಟ ಮೇಡಂ, ಹಸಿರು ಟೋಪಿ, ನನಗಿಂತ ಸಣ್ಣಾಕಿ,
ಮರಾಠಿಯೊಳಗ ಎರಡೆರಡು ಸಲ ಹೇಳಿದ್ಲು:
ಮೊಣಕಾಲ ಹಿಂದಿನ ನರಕ್ಕ ಔಷಧ ಬಿಟ್ಟೀವಿ,
ನಸುಕಿನ ತನಕ ಅವಂಗೇನೂ ಗೊತ್ತಾಗೂದಿಲ್ಲ.
ನಡಸಬ್ಯಾಡ್ರಿ. ಬಿಸಿ ನೀರು ತಾಗಸಬ್ಯಾಡ್ರಿ.
ಕಾಲ ಕೆಳಗ ತಲದಿಂಬು ಇರಲಿ, ಬೆರಳ ಬಣ್ಣ ನೋಡಕೋತ ಇರ್ರಿ.
ನೋವು ಬಂದಮ್ಯಾಲೆ ಅಲ್ಲ, ಬರೂಕಿಂತ ಮೊದಲ ಔಷಧ.
ನಿದ್ದಿ ಹತ್ತಿದ್ರ ಎಬ್ಬಿಸಿ ಕೊಡ್ರಿ.

ಹಾಲಿನ ಲೆಕ್ಕದ ಕ್ಯಾಲೆಂಡರಿನ ಮ್ಯಾಲೆ ಕಸ್ತೂರಿ ಬರದ್ಲು:
ಗುಲಾಬಿ ಬಾಟ್ಲಿ ಎಂಟಕ್ಕ, ಎರಡಕ್ಕ, ಎಂಟಕ್ಕ.
ಕೇಸರಿ ಬಾಟ್ಲಿ ಹನ್ನೊಂದಕ್ಕ, ಐದಕ್ಕ, ಹನ್ನೊಂದಕ್ಕ,
ಹಸದ ಹೊಟ್ಟ್ಯಾಗ ಬ್ಯಾಡ.

ರಾತ್ರಿ ನೀ ಅನ್ನ ಸಾರು ಉಂಡಿ, ಇನ್ನಷ್ಟು ಬೇಡಿದಿ.
ಗವ್ಹಾಣೆ ಆಜಿ ಬಾಗಿಲಾಗ ನಿಂತು
"ಪೋರ ನಗತೈತಲ್ಲ, ಆಪರೇಷನ್ ಮಾಡ್ಯಾರೋ ಇಲ್ಲೋ?" ಅಂದ್ಲು.
ನಿನ್ನ ನಗಿ ನಾನೂ ನಂಬಿದೆ.

ಎರಡಕ್ಕ ಫೋನು ನಡುಗಿತು.
ಕಸ್ತೂರಿ ಗ್ವಾಡಿಗೆ ಆತು ಕುಂತಲ್ಲೇ ನಿದ್ದಿ ಹೋಗಿದ್ಲು.
ನೀ ಬಾಯಿ ತೆರದು ಮಲಗಿದ್ದಿ, ತುಟಿ ಮ್ಯಾಲೆ ಸಾರಿನ ಗೆರಿ.
ಮಲಗಿದ ಕೂಸಿಗೆ ಯಾತರ ನೋವು?
ಮಲಗಲಿ ಬಿಡು.
ಫೋನಿನ ಬಾಯಿ ಮುಚ್ಚಿಸಿ ಒರಗಿದೆ.

ಒರಗಿದವಗ ಕಂಬ ಕಣ್ಣಿಗೆ ಬಂತು.
ಹದಿನಾಲ್ಕು ವರ್ಷದಿಂದ ಕಂಬ ಹತ್ತಾಂವ ನಾನು.
ಲೈನ್ ಬಂದ್ ಐತಿ ಅನ್ನೂ ಚೀಟಿ ಕಿಸೆದಾಗಿದ್ರೂ
ಮೂರೂ ತಂತಿಗೆ ಸರಪಳಿ ಹಾಕಿ ಮಣ್ಣಿಗೆ ಕೂಡಸ್ತೀವಿ.
ಸತ್ತ ತಂತಿ ಹೇಳಿ ಏಳೂದಿಲ್ಲ.
ಯಾವನೋ ಅಂಗಡಿಯವನ ಜನರೇಟರು
ಹಿಂದಿಂದ ಸುಮ್ಮನ ದೂಡಿಬಿಡತೈತಿ.
ನನ್ನ ಅಂಗೈಯಾಗಿನ ಕಪ್ಪು ಕಲಿ ಆ ಪಾಠದ್ದು.

ಎದ್ದೆ. ಎರಡೂ ಇಪ್ಪತ್ತು.
"ರೇವಣ್ಯಾ, ಏಳಪಾ."
ನೀ ಬೈದಿ, ನನ್ನ ಬಾಯಿಂದನ ಕಲತ ಬೈಗಳದಾಗ.
ಗುಲಾಬಿ ನೀರು ಗಲ್ಲದಾಗ ಇಟಗೊಂಡು ಬಾಳೊತ್ತು ಕಾಡಿದಿ,
ಬೆಲ್ಲದ ಚೂರಿನ ಲಂಚಕ್ಕ ಕಡೀಕ ನುಂಗಿದಿ.

ನಾಲ್ಕೂವರಿ ಆಗಿರಬೇಕು.
"ಅಪ್ಪಾ, ಪಟ್ಟಿಯೊಳಗ ಇರವಿ ಹೊಕ್ಕಾವ."
ಬಗ್ಗಿ ನೋಡಿದೆ. ಇರವಿ ಇರಲಿಲ್ಲ.
ಹೆಬ್ಬೆರಳು ಒಂದು ಕೂದಲೆಳಿ ಅಷ್ಟು ಹಂದಿತು.
ದೂರದ ಸಬ್‌ಸ್ಟೇಷನ್ನಿನಾಗ ಯಾರೋ ಹ್ಯಾಂಡಲ್ ಎತ್ತಿದ್ದರು.

ಆಮ್ಯಾಲೆ ಬಂತು. ಬರಲಾರದ ಇರತೈತೇನು?
ಹುಬ್ಬು ಕೂಡಿದುವು. ನನ್ನ ಕಿವಿ ಹಿಡದು ಎಳದಿ,
ಅತ್ತಿ, ಆದ್ರ ಚೀರಲಿಲ್ಲ.
ಅಳೂದಕ್ಕೂ ಚೀರೂದಕ್ಕೂ ನಡುವ ಎಷ್ಟು ಜಾಗ ಐತಿ ಅಂತ
ನನಗ ಈ ರಾತ್ರಿ ತಿಳೀತು.
ಕಸ್ತೂರಿ ಎದ್ದು, ಬಿಸ್ಕೀಟು ತಿನಿಸಿ, ಕೇಸರಿ ಬಾಟ್ಲಿ ಬಗ್ಗಿಸಿದ್ಲು.
ಕ್ಯಾಲೆಂಡರಿನಾಗ ಎರಡರ ಮುಂದ ನಾ ಬರದ ಇಪ್ಪತ್ತು ಅಕಿಗೆ ಕಂಡಿತು.
ಏನೂ ಅನ್ನಲಿಲ್ಲ.
ಪೆನ್ನು ತಗೊಂಡು ಎಂಟರ ಮುಂದೂ ಇಪ್ಪತ್ತು ಸೇರಿಸಿದ್ಲು.

ಇವತ್ತು ಗುರುವಾರ. ಒಂಬತ್ತಕ್ಕ ಫ್ಯಾನ್ ನಿಂತಿತು.
ನಮ್ಮವರೇ; ನನ್ನ ಬದಲಿ ಬೋರಕರ ಕಂಬ ಹತ್ತಿರಬೇಕು.
ನಿನ್ನ ಎಕ್ಸ್‌ರೇ ಹಾಳಿಲೇ ಗಾಳಿ ಹಾಕಕೋತ ಕುಂತೀನಿ.
ಎರಡು ತಂತಿಯ ನೆರಳು
ನಿನ್ನ ಮಾರಿ ಮ್ಯಾಲೆ ಹೋಗತಾವ, ಬರತಾವ.
"ಕರೆಂಟ್ ಯಾವಾಗ ಬರತೈತಿ, ಅಪ್ಪಾ?"
"ಒಂದಕ್ಕ," ಅಂದೆ.
"ಅದಕೂ ಮೊದಲ, ಹನ್ನೊಂದಕ್ಕ ಬಾಟ್ಲಿ ಐತಿ."